ಭೂಮಿಗೆ ಮೂರು ದಿನದ ರಜೆ

ನನ್ನ ಹೆಂಡತಿ ನನ್ನ ಹತ್ತಿರ ಕೇಳಿದ್ದು ಮೂರು ದಿನ. ನಾನು ಕೊಡಲಿಲ್ಲ. ಅದು ನಾನು ಕೊಡುವಂಥದ್ದೇ ಆಗಿರಲಿಲ್ಲ, ಆಸ್ಪತ್ರೆಯವರು ಕೊಡಬೇಕಾದದ್ದು ಎಂದು ಆಮೇಲೆ ಎಷ್ಟೋ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸುಳ್ಳು ಸಮಾಧಾನ. ಅದು ನನ್ನ ಕೈಯಲ್ಲಿಯೇ ಇತ್ತು. ಆ ಮೂರು ದಿನಗಳ ವಿಷಯ ಬರೆಯಬೇಕಾದರೆ ಮೊದಲು ನಮ್ಮ ಮನೆಯ ಹಿಂದಿನ ತರಕಾರಿ ತೋಟದ ವಿಷಯ ಹೇಳಬೇಕು. ಅವಳು ಹಾಗೆ ಕೇಳಲು ಕಲಿತದ್ದು ಆ ಮಣ್ಣಿನಿಂದ.

ತೋಟ ಎಂದರೆ ದೊಡ್ಡದೇನಲ್ಲ. ಕಾಟಿಪಳ್ಳದ ಹತ್ತು ಸೆಂಟ್ಸ್ ಜಾಗದಲ್ಲಿ ಮನೆ, ಬಾವಿ, ತುಳಸಿಕಟ್ಟೆ ಕಳೆದು ಉಳಿದ ತುಂಡು ನೆಲ. ಜಾಗ ಅವಳದ್ದು. ಅವಳ ತಾಯಿಯಿಂದ ಅವಳಿಗೆ ಬಂದದ್ದು, ನಾನು ಹೆಂಡತಿ ಮನೆಯಲ್ಲಿ ಬಂದು ಕೂತವನು. ಅವಳ ತಾಯಿಯ ಕಡೆಯವರು ಮೊದಲು ಕಡಲ ಬದಿಯಲ್ಲಿ ಗದ್ದೆ ಬೇಸಾಯ ಮಾಡಿಕೊಂಡಿದ್ದವರು. ಬಂದರಿಗಾಗಿ ಜಾಗ ಹೋದಾಗ ಈ ಗುಡ್ಡಕ್ಕೆ ಬಂದರು. ಇಲ್ಲಿಯದು ಕೆಂಪುಕಲ್ಲಿನ ನೆಲ, ಹಾರೆ ಹಾಕಿದರೆ ಠಣ್ ಎನ್ನುತ್ತದೆ. ಅವಳ ತಾಯಿ ಹಳೆಯ ಗದ್ದೆಯಿಂದ ಬುಟ್ಟಿಗಟ್ಟಲೆ ಮಣ್ಣು ಹೊತ್ತು ತಂದು ಹಿತ್ತಿಲಲ್ಲಿ ಸುರಿದಿದ್ದರಂತೆ. ಅದೆಲ್ಲ ಅವಳು ಹುಟ್ಟುವ ಮೊದಲಿನ ಮಾತು. ಆದರೂ ಅವಳು ಅದನ್ನು ತಾನೇ ಹೊತ್ತು ತಂದವಳ ಹಾಗೆ ಹೇಳುತ್ತಿದ್ದಳು. ಆಮೇಲೆ ವರ್ಷ ವರ್ಷವೂ ಹಟ್ಟಿಗೊಬ್ಬರ, ತರಗೆಲೆ, ಸುಡುಮಣ್ಣು ಹಾಕಿ ಹಾಕಿ ಆ ನೆಲವನ್ನು ಹಿಡಿದರೆ ಮುದ್ದೆಯಾಗುವಷ್ಟು ಮೆತ್ತಗೆ ಮಾಡಿದ್ದಳು.

ನಾನು ಗಲ್ಫಿನ ಒಂದು ಕಟ್ಟಡ ಕಂಪೆನಿಯಲ್ಲಿ ಇಪ್ಪತ್ತಾರು ವರ್ಷ ಟೈಮ್ ಕೀಪರ್ ಆಗಿದ್ದೆ. ಯಾರು ಎಷ್ಟು ಗಂಟೆಗೆ ಬಂದ, ಎಷ್ಟು ಗಂಟೆಗೆ ಹೋದ, ಯಾರಿಗೆ ರಜೆ ಉಂಟು, ಯಾರಿಗೆ ಇಲ್ಲ, ಇದನ್ನು ಬರೆದಿಡುವುದು ನನ್ನ ಕೆಲಸ. ಬಿಸಿಲಿನಲ್ಲಿ ದುಡಿದವರು ಬೇರೆಯವರು. ನಾನು ಏಸಿ ಕೋಣೆಯ ಕಿಟಕಿಯಿಂದ ಅವರ ತಲೆ ಎಣಿಸಿದವನು. ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಊರಿಗೆ ಬಂದು, ಮಾವಿನಹಣ್ಣು ತಿಂದು, ನಾಲ್ಕು ಮದುವೆಯ ಊಟ ಮುಗಿಸಿ, ಮಳೆ ಹಿಡಿಯುವ ಮೊದಲು ವಾಪಸು ವಿಮಾನ ಹತ್ತುತ್ತಿದ್ದೆ. ಹಾಗಾಗಿ ಹೆಂಡತಿಯ ತೋಟವನ್ನು ನಾನು ನೋಡಿದ್ದೆಲ್ಲ ಒಣಗಿದ ಸ್ಥಿತಿಯಲ್ಲಿಯೇ. "ಇದರಲ್ಲಿ ಎಂತ ಬೆಳೀತದೆ ನಿನಗೆ?" ಎಂದು ತಮಾಷೆ ಮಾಡುತ್ತಿದ್ದೆ. ಅವಳು ನಗುತ್ತಿದ್ದಳು.

ಕೆಲಸ ಬಿಟ್ಟು ಪೂರ್ತಿಯಾಗಿ ಊರಿಗೆ ಬಂದು ಎರಡು ವರ್ಷ ಆಗಿರಲಿಲ್ಲ, ಒಂದು ನವರಾತ್ರಿಯ ಹೊತ್ತಿಗೆ ಅವಳಿಗೆ ಹೊಟ್ಟೆನೋವು ಶುರುವಾಯಿತು. ಗ್ಯಾಸ್ ಎಂದು ಜೀರಿಗೆ ಕಷಾಯ ಕುಡಿದಳು. ಕಷಾಯಕ್ಕೆ ಬಗ್ಗುವ ನೋವಾಗಿರಲಿಲ್ಲ. ದೀಪಾವಳಿ ಕಳೆಯುವುದರೊಳಗೆ ನಾವು ಮಂಗಳೂರಿನ ಒಂದು ದೊಡ್ಡ ಆಸ್ಪತ್ರೆಯ ಐದನೇ ಮಹಡಿಯಲ್ಲಿ ಕೂತು, ಬಾಯಲ್ಲಿ ಹೇಳಲು ಹೆದರುವ ಆ ರೋಗದ ಹೆಸರು ಕೇಳಿಸಿಕೊಂಡಿದ್ದೆವು. ಇಪ್ಪತ್ತೊಂದು ದಿನಕ್ಕೊಮ್ಮೆ ಕೀಮೋ ಎಂದು ಬರೆದುಕೊಟ್ಟರು. ನಾನು ಮನೆಗೆ ಬಂದವನೇ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ದಿನಗಳಿಗೆ ಸುತ್ತು ಹಾಕಿದೆ. ನನಗೆ ಗೊತ್ತಿದ್ದ ಕೆಲಸ ಅದೊಂದೇ.

ಅವಳಿಗೆ ಬಗ್ಗಲಿಕ್ಕೆ ಆಗದ ಮೇಲೆ ತೋಟದ ಕೆಲಸ ನನ್ನ ಕೈಗೆ ಬಂತು. ಅಡುಗೆಮನೆಯ ಹಿಂದಿನ ಜಗಲಿಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿ, ತಲೆಗೆ ಶಾಲು ಸುತ್ತಿ ಅವಳು ಕೂರುವುದು. ನಾನು ಲುಂಗಿ ಮೇಲೆ ಕಟ್ಟಿ, ಹಾರೆ ಹಿಡಿದು, ಅವಳು ಹೇಳಿದ ಹಾಗೆ ಮಾಡುವುದು. ಮೊದಲ ದಿನವೇ ಬಾವಿಕಟ್ಟೆಯ ಪಕ್ಕ ನೆಲಕ್ಕೆ ಹರಡಿಕೊಂಡಿದ್ದ ಕಳೆಯನ್ನೆಲ್ಲ ಕಿತ್ತು ಗುಡ್ಡೆ ಹಾಕಿದೆ. ಬಹಳ ಚೊಕ್ಕ ಕೆಲಸ ಮಾಡಿದೆ ಎಂದು ಸೊಂಟಕ್ಕೆ ಕೈಕೊಟ್ಟು ನಿಂತೆ. ಅವಳು ಕುರ್ಚಿಯಿಂದಲೇ ನೋಡಿ ಹೇಳಿದಳು: "ಅದು ತಿಮರೆ ಮಾರಾಯ್ರೆ. ನೀವು ಪ್ರತಿ ಮೇ ತಿಂಗಳಲ್ಲಿ ಬಂದು ಎರಡೆರಡು ಸಲ ಹಾಕಿಸಿಕೊಂಡು ತಿಂತೀರಲ್ಲ, ಆ ಚಟ್ನಿಯ ತಿಮರೆ." ಇಪ್ಪತ್ತಾರು ವರ್ಷ ತಿಂದ ಒಂದೆಲಗದ ಮುಖ ನನಗೆ ಗೊತ್ತಿರಲಿಲ್ಲ. ಕಿತ್ತದ್ದನ್ನು ಪುನಃ ಒಂದೊಂದಾಗಿ ನೆಡಿಸಿದಳು. ಅರ್ಧ ಬದುಕಿತು.

ನೀರು ಹಾಕುವುದರಲ್ಲಿಯೂ ನನ್ನದು ಕಂಪೆನಿಯ ಪದ್ಧತಿ. ಬದನೆಗೆ ಎರಡು ನಿಮಿಷ, ಬಸಳೆಗೆ ಮೂರು ನಿಮಿಷ, ಹರಿವೆ ಸೊಪ್ಪಿನ ಸಾಲಿಗೆ ಒಂದು. ವಾಚು ನೋಡಿಕೊಂಡು ಪೈಪು ಹಿಡಿಯುತ್ತಿದ್ದೆ. ಅವಳು ಎರಡು ದಿನ ನೋಡಿದಳು. ಮೂರನೇ ದಿನ, "ಗಿಡಗಳಿಗೆ ಅಟೆಂಡೆನ್ಸ್ ಹಾಕ್ತೀರಾ ನೀವು?" ಎಂದು ಕೇಳಿದಳು. "ನೀರು ಹಾಕಿದ ಮೇಲೆ ಸ್ವಲ್ಪ ನಿಲ್ಲಿ. ಮಣ್ಣು ಕುಡೀಲಿಕ್ಕೆ ಅದರದ್ದೇ ಹೊತ್ತು ಬೇಕಾಗ್ತದೆ. ಕುಡಿದ ಮೇಲೆ ಮತ್ತೆ ಬೇಕಾ ಅಂತ ನೋಡಿ." ನಾನು ವಾಚು ಬಿಚ್ಚಿ ಒಗೆಯುವ ಕಲ್ಲಿನ ಮೇಲಿಟ್ಟೆ. ಕೋಪ ಬಂದಿತ್ತು. ಆದರೆ ನಿಂತೆ. ನೀರು ಬುಡದ ಸುತ್ತ ಕೆಂಪಗೆ ನಿಂತು, ಗುಳ್ಳೆ ಎದ್ದು, ನಿಧಾನವಾಗಿ ಒಳಗೆ ಇಳಿಯುವುದನ್ನು ಅರವತ್ತು ದಾಟಿದ ಮೇಲೆ ಮೊದಲ ಸಲ ನೋಡಿದೆ.

ಅಲಸಂಡೆ ಬೀಜ ಹಾಕಿದ್ದು ನನ್ನ ಸ್ವಂತ ಉತ್ಸಾಹದಿಂದ. ಬಜಪೆಯಲ್ಲಿರುವ ನಮ್ಮ ಮಗಳು ಅವಳ ಗಂಡನ ಮನೆಯಿಂದ ಒಂದು ಮುಷ್ಟಿ ಬೀಜ ತಂದುಕೊಟ್ಟಿದ್ದಳು. ಮೂರು ದಿನವಾದರೂ ಮೊಳಕೆ ಕಾಣಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ನಾನು ಬೆರಳಿನಿಂದ ಮಣ್ಣು ಕೆದಕಿ ಒಂದು ಬೀಜ ಹೊರಗೆ ತೆಗೆದೆ. ಸಿಪ್ಪೆ ಒಡೆದಿತ್ತು, ಬಿಳಿಯ ಮೂತಿ ಒಂದಿಷ್ಟು ಹೊರಗೆ ಬಂದಿತ್ತು. ಖುಷಿಯಾಗಿ ಪಕ್ಕದ್ದನ್ನೂ ತೆಗೆದೆ. ಹೀಗೆ ಆರು ಬೀಜ. ಅವಳು ಜಗಲಿಗೆ ಬರುವ ಹೊತ್ತಿಗೆ ಎಲ್ಲವನ್ನೂ ಅಂಗೈಯಲ್ಲಿಟ್ಟುಕೊಂಡು ತೋರಿಸಿದೆ. ಅವಳು ಬೈಯಲಿಲ್ಲ. "ಅಯ್ಯೋ, ಅದನ್ನು ಅದರಷ್ಟಕ್ಕೆ ಬಿಡ್ಲಿಕ್ಕೆ ಆಗುದಿಲ್ವಾ ನಿಮಗೆ?" ಎಂದಳು. ಪುನಃ ಹುಗಿದ ಆ ಆರರಲ್ಲಿ ಒಂದೂ ಏಳಲಿಲ್ಲ. ನಾನು ಮುಟ್ಟದೆ ಬಿಟ್ಟವೆಲ್ಲ ಎದ್ದವು.

ದೇವರ ವಿಷಯದಲ್ಲಿ ನಾನು ಬರೀ ಹಾಜರಿಯ ಮನುಷ್ಯ. ಹಬ್ಬಕ್ಕೆ ದೇವಸ್ಥಾನಕ್ಕೆ ಹೋಗುವುದು, ಗಂಧ ಹಚ್ಚಿಕೊಳ್ಳುವುದು, ಚಪ್ಪಲಿ ಅಲ್ಲಿಯೇ ಉಂಟಾ ಎಂದು ನೋಡಿಕೊಂಡು ಬರುವುದು. ಅಲ್ಲಿ ನನಗೆ ಏನೂ ಆಗುತ್ತಿರಲಿಲ್ಲ. ಈ ತೋಟದಲ್ಲಿ ಆಯಿತು. ಡಿಸೆಂಬರಿನ ಒಂದು ಬೆಳಿಗ್ಗೆ, ಕಾರ್ಖಾನೆಗೆ ಹೋಗುವ ಬಸ್ಸುಗಳು ಮೇಲಿನ ರಸ್ತೆಯಲ್ಲಿ ಹಾರ್ನ್ ಹಾಕಿ ಹೋಗುತ್ತಿದ್ದ ಹೊತ್ತಿನಲ್ಲಿ, ಅಲಸಂಡೆಯಲ್ಲಿ ಮೊದಲ ಹೂವು ಬಿಟ್ಟಿತ್ತು. ತೆಳು ನೇರಳೆ ಬಣ್ಣ, ಹೆಬ್ಬೆರಳಿನ ಉಗುರಿನಷ್ಟು ದೊಡ್ಡದು. ಒಂದು ಕಪ್ಪು ದುಂಬಿ ಅದರ ಮೇಲೆ ಕೂತು, ಹೂವಿನೊಟ್ಟಿಗೆ ತಾನೂ ಬಾಗಿ, ಎದ್ದು ಹೋಯಿತು. ಇದು ನನ್ನಿಂದ ಆದದ್ದಲ್ಲ, ಆದರೆ ನನ್ನ ಎದುರು ಆಗುತ್ತಿದೆ ಎಂದು ಅನಿಸಿತು. ಪ್ರಾರ್ಥನೆ ಎಂದರೆ ಇದೇ ಇರಬೇಕು ಎಂದುಕೊಂಡೆ. ಇದನ್ನೆಲ್ಲ ಅವಳಿಗೆ ಹೇಳಲು ನಾಚಿಕೆಯಾಗಿ, "ಅಲಸಂಡೆಯಲ್ಲಿ ಹೂ ಬಂದಿದೆ" ಎಂದಷ್ಟೇ ಹೇಳಿದೆ.

"ನಿನ್ನೆಯೇ ಮೊಗ್ಗು ನೋಡಿದ್ದೇನೆ" ಎಂದಳು. "ನೀವೇ ನೋಡ್ಲಿ ಅಂತ ಸುಮ್ಮನಿದ್ದೆ."

ಹೀಗೆ ನಾಲ್ಕು ಕೀಮೋ ಮುಗಿದವು. ಪ್ರತಿ ಸಲವೂ ಅವಳು ಇನ್ನಷ್ಟು ಸಣ್ಣಗಾದಳು. ಸೂಜಿ ಚುಚ್ಚಿ ಚುಚ್ಚಿ ಎರಡೂ ಕೈಗಳ ನರಗಳು ಕಪ್ಪಾಗಿ ಗಟ್ಟಿಯಾಗಿದ್ದವು. ನಾಲ್ಕನೆಯ ಸಲ ನರ್ಸು ಆರು ಕಡೆ ಹುಡುಕಿ, ಕೊನೆಗೆ ಪಾದದ ಮೇಲೆ ಚುಚ್ಚಿದಳು. ನನ್ನ ಹೆಂಡತಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಮನೆಗೆ ಬಂದ ಮೇಲೆ ಐದಾರು ದಿನ ಏಳುತ್ತಿರಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಕುರ್ಚಿಯ ಸದ್ದು ಕೇಳಿಸುತ್ತಿತ್ತು, ಜಗಲಿಗೆ ಬಂದು ಕೂತಿರುತ್ತಿದ್ದಳು. ನಾನು ಅದನ್ನು ಅವಳು ಗುಣವಾಗುತ್ತಿರುವ ಲಕ್ಷಣ ಎಂದು ತಿಳಿಯುತ್ತಿದ್ದೆ.

ಐದನೆಯದಕ್ಕೆ ಒಂದು ವಾರ ಇರುವಾಗ ಅವಳು ಕ್ಯಾಲೆಂಡರಿನ ಎದುರು ತುಂಬ ಹೊತ್ತು ನಿಂತಿದ್ದಳು. ಆಮೇಲೆ ನನ್ನನ್ನು ಕರೆದಳು.

"ಈ ಸಲದ ಡೇಟು ನಡು ಕೆಡ್ಡಸಕ್ಕೆ ಬಂದಿದೆ."

ಕೆಡ್ಡಸ ಎಂದರೆ ನಮ್ಮ ತುಳುವರ ಒಂದು ಆಚರಣೆ. ತುಳು ಲೆಕ್ಕದ ಪೊನ್ನಿ ತಿಂಗಳ ಕೊನೆಗೆ, ಅಂದರೆ ಫೆಬ್ರವರಿಯ ಎರಡನೇ ವಾರದ ಹೊತ್ತಿಗೆ, ಭೂಮಿ ಮುಟ್ಟಾಗುತ್ತಾಳೆ ಎಂದು ನಂಬಿಕೆ. ಮೂರು ದಿನ ಅವಳಿಗೆ ವಿಶ್ರಾಂತಿ. ಯಾರೂ ನೆಲ ಅಗೆಯಬಾರದು, ಉಳಬಾರದು, ಹಸಿ ಗಿಡ ಕಡಿಯಬಾರದು. ಮೂರನೆಯ ದಿನ ಬೆಳಿಗ್ಗೆ ಮನೆಯ ಹೆಂಗಸರು ಅಂಗಳದಲ್ಲಿ ಸೆಗಣಿ ಸಾರಿಸಿ, ಎಣ್ಣೆ, ಸೀಗೆಪುಡಿ, ಅರಸಿನ, ಕುಂಕುಮ ಇಟ್ಟು, ನೆಲಕ್ಕೆ ಎಣ್ಣೆ ಬಿಟ್ಟು ಭೂಮಿಗೆ ಸ್ನಾನ ಮಾಡಿಸುತ್ತಾರೆ. ನನಗೆ ಕೆಡ್ಡಸ ಎಂದರೆ ಚಿಕ್ಕಂದಿನಲ್ಲಿ ತಿಂದ ನನ್ನೆರಿ ಮಾತ್ರ, ಅಕ್ಕಿ ಹುರಿದು ಪುಡಿ ಮಾಡಿ ಬೆಲ್ಲ ತೆಂಗಿನಕಾಯಿ ಬೆರೆಸಿದ ಆ ತಿಂಡಿ. ಮತ್ತೆ ನುಗ್ಗೆ ಬದನೆಯ ಪದಾರ್ಥ. ಅವಳಿಗೆ ಹಾಗಲ್ಲ. ಅವಳ ತಾಯಿಯ ಸೆರಗು ಹಿಡಿದು ನಿಂತ ಕಾಲದಿಂದ ಒಂದು ವರ್ಷವೂ ಬಿಡದೆ ಆ ಎಣ್ಣೆ ಬಿಟ್ಟವಳು.

"ಈ ಸಲ ಅದೊಂದು ಮೂರು ದಿನ ಮುಂದೆ ಹಾಕುವನಾ?" ಎಂದು ಕೇಳಿದಳು. "ಕೆಡ್ಡಸ ಕಳೆದ ಕೂಡಲೇ ಹೋಗುವ. ನಾನು ಬರುದಿಲ್ಲ ಅಂತ ಹೇಳುದಲ್ಲ."

ನನಗೆ ಮೊದಲು ನಗು ಬಂತು. ಆಮೇಲೆ ಸಿಟ್ಟು. "ರೋಗಕ್ಕೆ ಕೆಡ್ಡಸ ಉಂಟಾ?" ಎಂದೆ. "ಅದು ರಜೆ ಹಾಕ್ತದಾ ಮೂರು ದಿನ?"

ಅವಳು ಕೈ ಮುಂದೆ ಚಾಚಿ ಕಪ್ಪಾದ ನರಗಳನ್ನು ನೋಡಿಕೊಂಡಳು. "ಭೂಮಿಗೇ ಬಿಡ್ತೇವಲ್ಲ ನಾವು ಮೂರು ದಿನ. ಅಗೆಯುದಿಲ್ಲ, ಚುಚ್ಚುದಿಲ್ಲ. ನನಗೂ ಆ ಮೂರು ದಿನ ಯಾರೂ ಚುಚ್ಚುದು ಬೇಡ. ಒಮ್ಮೆ ಡಾಕ್ಟ್ರ ಹತ್ರ ಕೇಳಿ ನೋಡಿ. ಅವರು ಆಗುದಿಲ್ಲ ಅಂದ್ರೆ ಬೇಡ."

ನಮ್ಮ ಮೂವತ್ತೈದು ವರ್ಷದ ಸಂಸಾರದಲ್ಲಿ ಅವಳು ತನಗಾಗಿ ಏನಾದರೂ ಕೇಳಿದ್ದು ನನಗೆ ನೆನಪಿಲ್ಲ. ಗಲ್ಫಿನಿಂದ ಬರುವಾಗ ಎಂತ ತರಬೇಕು ಎಂದರೆ, ಮಗಳಿಗೆ ಇಂಥದ್ದು, ಪಕ್ಕದ ಮನೆಯವರಿಗೆ ಇಂಥದ್ದು ಎನ್ನುತ್ತಿದ್ದಳು. ಆ ದಿನ ಕೇಳಿದ್ದಳು. "ಕೇಳ್ತೇನೆ" ಎಂದೆ.

ಮರುದಿನ ನಾನು ಫೋನು ಹಿಡಿದು ಗೇಟಿನ ಹತ್ತಿರ ಹೋದೆ. ಅವಳಿಗೆ ಕಾಣುವ ಹಾಗೆ ಕಿವಿಗೆ ಹಿಡಿದು ಹತ್ತು ಹೆಜ್ಜೆ ಆಚೆ ಈಚೆ ನಡೆದೆ. ಹೂಂ, ಹೂಂ ಎಂದೆ. ಆ ಕಡೆ ಯಾರೂ ಇರಲಿಲ್ಲ. ನಾನು ನಂಬರು ಒತ್ತಿಯೇ ಇರಲಿಲ್ಲ. ವಾಪಸು ಬಂದು, "ಆಗುದಿಲ್ಲ ಅಂದ್ರು. ಒಂದು ದಿನ ತಪ್ಪಿದ್ರೂ ಕಷ್ಟ ಅಂತೆ" ಎಂದು ಹೇಳಿದೆ.

ಇದು ನನಗೆ ಹೊಸ ವಿದ್ಯೆಯಲ್ಲ. ಗಲ್ಫಿನಲ್ಲಿ ಆಳುಗಳು ತಾಯಿಗೆ ಸೀರಿಯಸ್, ತಂಗಿಯ ಮದುವೆ ಎಂದು ರಜೆಯ ಅರ್ಜಿ ತಂದರೆ ನಾನು ಅದನ್ನು ಹಿಡಿದು ಒಳಗೆ ಹೋಗುತ್ತಿದ್ದೆ. ಮ್ಯಾನೇಜರರ ಬಾಗಿಲು ತಟ್ಟುತ್ತಿರಲಿಲ್ಲ. ಪ್ಯಾಂಟ್ರಿಯಲ್ಲಿ ಒಂದು ಚಾ ಕುಡಿದು ಹೊರಗೆ ಬಂದು, "ಸಾಹೇಬರು ಒಪ್ಪಲಿಲ್ಲ" ಎನ್ನುತ್ತಿದ್ದೆ. ಕೇಳಿದರೆ ಸಾಹೇಬರು ಒಪ್ಪಿಯೇ ಬಿಡುತ್ತಿದ್ದರೇನೋ. ಆಗ ಸೈಟಿನಲ್ಲಿ ಜನ ಕಡಿಮೆಯಾಗಿ ಬೈಸಿಕೊಳ್ಳುವವನು ನಾನು. ಎಷ್ಟು ಜನ ನನ್ನ ಮಾತು ನಂಬಿ ತಲೆ ತಗ್ಗಿಸಿ ಹೋದರು ಎಂದು ಲೆಕ್ಕ ಇಟ್ಟಿಲ್ಲ. ಹೆಂಡತಿಯ ವಿಷಯದಲ್ಲಿ ಬೈಗುಳದ ಹೆದರಿಕೆ ಇರಲಿಲ್ಲ. ಅವಳು ಸತ್ತುಹೋದಾಳು ಎಂಬ ಹೆದರಿಕೆ. ಕ್ಯಾಲೆಂಡರಿನ ಆ ಕೆಂಪು ಸುತ್ತುಗಳಲ್ಲಿ ಒಂದು ತಪ್ಪಿದರೆ ಎಲ್ಲವೂ ಕಳಚಿ ಬೀಳುತ್ತದೆ ಎಂದು ನಾನು ನಂಬಿದ್ದೆ. ಡಾಕ್ಟರು ಹೂಂ ಎಂದುಬಿಟ್ಟರೆ ಏನು ಮಾಡುವುದು ಎಂದೇ ಫೋನ್ ಮಾಡಲಿಲ್ಲ.

"ಆಯ್ತು" ಎಂದಳು. ಅಷ್ಟೆ. ಮುಖ ಸಣ್ಣದಾಯಿತು. ನಾನು ಸಮಾಧಾನಕ್ಕೆ, "ಬರುವ ವರ್ಷ ಜೋರು ಮಾಡುವ ಕೆಡ್ಡಸ" ಎಂದೆ.

ಕೆಡ್ಡಸದ ಮೊದಲ ದಿನ ನಾನು ಅಭ್ಯಾಸದಂತೆ ಬೆಳಿಗ್ಗೆ ಹಾರೆ ಹಿಡಿದು ಹೊರಟೆ. ಬಸಳೆ ಚಪ್ಪರಕ್ಕೆ ಇನ್ನೊಂದು ಕಂಬ ಹುಗಿಯಬೇಕಿತ್ತು. "ಇವತ್ತು ಹಾರೆ ಮುಟ್ಟಬೇಡಿ" ಎಂದು ಜಗಲಿಯಿಂದ ಹೇಳಿದಳು. ನಾನು ಹಾರೆಯನ್ನು ಗೋಡೆಗೆ ಒರಗಿಸಿಟ್ಟೆ. ಅವಳ ಮಾತು ಇಷ್ಟಾದರೂ ನಡೆಯಲಿ ಎಂದು ದೊಡ್ಡ ಮನಸ್ಸು ಮಾಡಿದವನಂತೆ ಇಟ್ಟೆ. ಆ ದಿನ ತೋಟದಲ್ಲಿ ಯಾವ ಕೆಲಸವೂ ಇರಲಿಲ್ಲ. ಅವಳ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂತೆ. ಬಾವಿಯ ಆಚೆ ಒಂದು ಮುಂಗುಸಿ ಹಾದುಹೋಯಿತು. ತರಗೆಲೆಗಳ ಮೇಲೆ ಚೆಂಬುಕ ಹಕ್ಕಿಯೊಂದು ಹೆಜ್ಜೆ ಹಾಕುತ್ತ ಹುಳ ಹುಡುಕುತ್ತಿತ್ತು. ಅವಳ ಜೊತೆ ಹಾಗೆ ಸುಮ್ಮನೆ ಕೂತ ದಿನ ನನ್ನ ಜೀವಮಾನದಲ್ಲಿ ಅದೊಂದೇ. ಸಂಜೆಯ ಹೊತ್ತಿಗೆ ಅವಳು ಹೇಳಿದಳು: "ನೋಡಿ, ನೀವು ಒಂದು ದಿನ ಏನೂ ಮಾಡದಿದ್ರೂ ತೋಟಕ್ಕೆ ಎಂತ ಆಗ್ಲಿಲ್ಲ."

ಮಾರನೆಯ ದಿನ, ನಡು ಕೆಡ್ಡಸದಂದು, ನಾನು ಅವಳನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದೆ. ಹೊರಡುವಾಗ ಅವಳು ಚಪ್ಪಲಿ ಕೈಯಲ್ಲಿ ಹಿಡಿದು, ಗೇಟಿನವರೆಗೆ ಬರಿಗಾಲಲ್ಲಿ ನಡೆದಳು. ಯಾಕೆ ಎಂದು ಕೇಳಲಿಲ್ಲ ನಾನು. ಕೂಳೂರು ಸೇತುವೆಯ ಹತ್ತಿರ ಬ್ಲಾಕ್ ಇತ್ತು, ನನ್ನ ಗಮನವೆಲ್ಲ ವಾಚಿನ ಮೇಲೆ. ಆ ಸಲ ನರ ಬೇಗ ಸಿಕ್ಕಿತು, ಎರಡನೇ ಚುಚ್ಚಿಗೆ. ಅದೇ ಒಳ್ಳೆಯ ಶಕುನ ಎಂದುಕೊಂಡೆ. ಮದ್ದಿನ ಚೀಟಿ ಹಿಡಿದು ಕೆಳಗೆ ಹೋದೆ. ಫಾರ್ಮಸಿಯ ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತು ಮೇಲೆ ಬಂದಾಗ ಅವಳು ಕಣ್ಣು ಬಿಟ್ಟು ಮಲಗಿದ್ದಳು. ನನ್ನನ್ನು ನೋಡಿ, "ಕಾಲು ನೋಯ್ತದಾ? ಕೂತುಕೊಳ್ಳಿ" ಎಂದಳು.

ರಾತ್ರಿ ಅಲ್ಲಿಯೇ ಉಳಿಸಿಕೊಂಡರು. ಮೂರನೆಯ ದಿನ ಮಧ್ಯಾಹ್ನ ಕಳೆದ ಮೇಲೆ ಮನೆಗೆ ತಲುಪಿದೆವು. ಪಕ್ಕದ ಮನೆಗಳ ಅಂಗಳದಲ್ಲಿ ಸೆಗಣಿ ಸಾರಿಸಿದ ಜಾಗ, ಅರಸಿನ ಕುಂಕುಮ, ಎಣ್ಣೆಯ ಕಲೆ. ನಮ್ಮ ಅಂಗಳ ಖಾಲಿ. ಅವಳು ತುಳಸಿಕಟ್ಟೆಯ ಹತ್ತಿರ ಒಂದು ಕ್ಷಣ ನಿಂತು, "ಈ ಸಲ ಅವಳಿಗೆ ಎಣ್ಣೆ ಆಗ್ಲಿಲ್ಲ" ಎಂದಳು. ನಾನು ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಮಲಗಿಸಿದೆ.

ಆಮೇಲೆ ಒಂಬತ್ತು ದಿನ ಮನೆಯಲ್ಲಿದ್ದಳು. ಜಗಲಿಯ ಕುರ್ಚಿಗೆ ಬರಲಿಲ್ಲ. ಮಲಗಿದಲ್ಲಿಂದಲೇ ಹರಿವೆ ಕೊಯ್ದಾಯಿತಾ, ಬಾವಿಯಲ್ಲಿ ನೀರು ಎಷ್ಟು ಇಳಿದಿದೆ ಎಂದು ಕೇಳುತ್ತಿದ್ದಳು. ಹತ್ತನೆಯ ದಿನ ಜ್ವರ ಬಂತು. ಮಗಳು ಬಜಪೆಯಿಂದ ಓಡಿ ಬಂದಳು. ಐಸಿಯುವಿನ ಗಾಜಿನ ಹೊರಗೆ ನಾವಿಬ್ಬರೂ ಎರಡು ದಿನ ನಿಂತೆವು. ಮೂರನೆಯ ದಿನ ಬೆಳಿಗ್ಗೆ ನಿಲ್ಲಬೇಕಾಗಿರಲಿಲ್ಲ. ಅವಳು ಹೋದದ್ದು ಮದ್ದಿನಿಂದ ಅಲ್ಲ, ರೋಗವೇ ಎಲ್ಲ ಕಡೆ ಹರಡಿತ್ತು, ಇನ್ನು ಹೆಚ್ಚೆಂದರೆ ಒಂದೆರಡು ತಿಂಗಳು ಎಂಬುದು ನಮಗೆ ಗೊತ್ತೇ ಇತ್ತು ಎಂದು ಡಾಕ್ಟರು ಹೇಳಿದರು. ನನಗೆ ಗೊತ್ತಿರಲಿಲ್ಲ. ಹೇಳಿದ್ದರೋ ಏನೋ, ನಾನು ಕೇಳಿಸಿಕೊಂಡಿರಲಿಲ್ಲ. ಅವಳು ಕೇಳಿಸಿಕೊಂಡಿರಬೇಕು.

ಉತ್ತರಕ್ರಿಯೆಯ ಬೊಜ್ಜ ಮುಗಿದು, ನೆಂಟರು ಹೋಗಿ, ಮನೆ ಖಾಲಿಯಾದ ಮೇಲೆ ನಾನು ಬೆಳಿಗ್ಗೆ ಸಂಜೆ ತೋಟಕ್ಕೆ ಹೋಗುತ್ತಿದ್ದೆ. ಮಾರ್ಚಿನ ಬಿಸಿಲು. ಬೇರೆ ಏನೂ ಮಾಡಲು ತೋಚದೆ ನೀರು ಹಾಕುತ್ತಿದ್ದೆ, ಮಣ್ಣು ಕುಡಿಯುವವರೆಗೆ ನಿಲ್ಲುತ್ತಿದ್ದೆ. ಭೂಮಿತಾಯಿಯಂಥ ತಾಳ್ಮೆ ಎಂದು ಹೆಂಗಸರನ್ನು ಹೊಗಳುತ್ತಾರೆ; ನಾನೂ ಮಗಳ ಮದುವೆಯಲ್ಲಿ ಮೈಕು ಹಿಡಿದು ಹೊಗಳಿದ್ದೇನೆ. ಅಗೆಯುವವನಿಗೆ ಅನುಕೂಲವಾದ ಮಾತು ಅದು. ನಮ್ಮ ಹಿರಿಯರು ಅಷ್ಟಕ್ಕೇ ನಿಲ್ಲಿಸಲಿಲ್ಲ. ಅವಳೂ ಸುಸ್ತಾಗುತ್ತಾಳೆ, ಅವಳನ್ನೂ ಬಿಡಬೇಕು ಎಂದು ವರ್ಷಕ್ಕೆ ಮೂರು ದಿನ ತೆಗೆದಿಟ್ಟರು. ಓದು ಬರಹ ಇಲ್ಲದವರಿಗೆ ತಿಳಿದದ್ದು ನನಗೆ ತಿಳಿಯಲಿಲ್ಲ. ಬೀಜ, ನೀರು, ಹೂವು ಎಲ್ಲವೂ ಅದನ್ನೇ ಹೇಳಿಕೊಡುತ್ತಿದ್ದವು. ನಾನು ದಿನಾ ಪಾಠಕ್ಕೆ ಹಾಜರಿದ್ದೆ, ಕಲಿಯಲಿಲ್ಲ. ಹೀಗೆ ನಿಂತು ನಿಂತು ಒಂದೇ ಪ್ರಶ್ನೆ ತಲೆಯಲ್ಲಿ ಸುತ್ತುತ್ತಿತ್ತು: ಆ ದಿನ ನಿಜವಾಗಿ ಕೇಳಿದ್ದರೆ ಡಾಕ್ಟರು ಏನು ಹೇಳುತ್ತಿದ್ದರು?

ಒಂದು ಸರ್ಟಿಫಿಕೇಟಿಗೆ ಸಹಿ ಬೇಕಿತ್ತು. ಮಗಳು ತಾನೇ ತರುತ್ತೇನೆ ಎಂದಳು, ನಾನು ಬಿಡಲಿಲ್ಲ. ಐದನೇ ಮಹಡಿಗೆ ಹೋದೆ. ಡಾಕ್ಟರು ನನ್ನ ಮಗಳ ಪ್ರಾಯದ ಹೆಣ್ಣುಮಗಳು. ಸಹಿ ಹಾಕಿ ಕೊಟ್ಟರು. ನಾನು ಏಳಲಿಲ್ಲ.

"ಡಾಕ್ಟ್ರೆ, ಒಂದು ಕೇಳ್ತೇನೆ. ಆ ಐದನೇ ಕೀಮೋ ಉಂಟಲ್ಲ, ಅದನ್ನು ಮೂರ್ನಾಲ್ಕು ದಿನ ಮುಂದೆ ಹಾಕಬಹುದಿತ್ತಾ?"

ಅವರು ಪೆನ್ನು ಮುಚ್ಚಿಟ್ಟು ನನ್ನನ್ನು ನೋಡಿದರು. "ಇದನ್ನೇ ಅ‌ವರೂ ಕೇಳಿದ್ರು" ಎಂದರು.

"ಯಾರು?"

"ನಿಮ್ಮ ಮನೆಯವರು. ಆ ದಿನ ಡ್ರಿಪ್ ಶುರುವಾದ ಮೇಲೆ ನಾನು ರೌಂಡ್ಸಿಗೆ ಬಂದಿದ್ದೆ. ನೀವು ಕೆಳಗೆ ಮದ್ದು ತರ್ಲಿಕ್ಕೆ ಹೋಗಿದ್ರಿ. ಏನೋ ಪೂಜೆ ಉಂಟು, ಭೂಮಿಗೆ ಎಣ್ಣೆ ಬಿಡುದು ಅಂತ ಹೇಳಿದ್ರು. ನಾನು, ಅಮ್ಮ, ಮೊದ್ಲೇ ಒಂದು ಫೋನ್ ಮಾಡಿದ್ರೆ ಸಾಕಿತ್ತಲ್ಲ, ಒಂದು ವಾರ ಬಿಟ್ಟು ಕೊಡ್ಬಹುದಿತ್ತು ಅಂದೆ."

"ಅದಕ್ಕೆ ಅವಳು ಎಂತ ಹೇಳಿದ್ಳು?"

"ನಿಮ್ಮ ಹತ್ರ ಹೇಳ್ಬಾರ್ದು ಅಂದಿದ್ರು. ನೀವೇ ಕೇಳಿದ್ರಿಂದ ಹೇಳ್ತಿದ್ದೇನೆ. 'ಇವರು ಹೆದರಿ ಹಾಗೆ ಮಾಡಿದ್ದು, ನನಗೆ ಗೊತ್ತಾಯ್ತು ಅಂತ ಅವರಿಗೆ ಗೊತ್ತಾಗುದು ಬೇಡ' ಅಂತ ಹೇಳಿದ್ರು."

ನಾನು ಎದ್ದು ಹೊರಗೆ ಬಂದೆ. ಲಿಫ್ಟಿಗೆ ಕಾಯದೆ ಐದು ಮಹಡಿ ಮೆಟ್ಟಿಲು ಇಳಿದೆ. ಆಸ್ಪತ್ರೆಯ ಎದುರಿನ ಬಸ್ ಸ್ಟಾಪಿನಲ್ಲಿ ಕಾಟಿಪಳ್ಳದ ಬಸ್ಸುಗಳು ಎರಡೋ ಮೂರೋ ಬಂದು ಹೋದವು. ನಾನು ಹತ್ತಲಿಲ್ಲ. ಆ ಒಂಬತ್ತು ದಿನಗಳನ್ನು ಒಂದೊಂದಾಗಿ ನೆನಪು ಮಾಡಿಕೊಳ್ಳುತ್ತಿದ್ದೆ. ಅವಳ ಮಾತಿನಲ್ಲಿ, ನೋಟದಲ್ಲಿ, ಎಲ್ಲಾದರೂ ಒಂದು ಕಡೆ ಸಣ್ಣ ಕೋಪ ಸಿಕ್ಕಿದ್ದರೆ ಅದನ್ನು ಹಿಡಿದುಕೊಂಡು ಬದುಕುತ್ತಿದ್ದೆ. ಸಿಗಲಿಲ್ಲ. ಗೊತ್ತಿದ್ದುಕೊಂಡೇ ಅವಳು ಆ ಒಂಬತ್ತು ದಿನವೂ ನನ್ನ ಕೈಯಿಂದ ಗಂಜಿ ಕುಡಿದಳು. ಪ್ರತಿ ಸಲ ಕುಡಿದಾದ ಮೇಲೆ, "ನಿಮ್ಮದು ಊಟ ಆಯ್ತಾ?" ಎಂದು ಕೇಳಿದಳು.